ಚಿಕ್ಕ ವಿಮಾನಗಳ ವೇಗ: ಬಳ್ಳಾರಿಯ ಟಪಾಲಿನಿಂದ ಸಾಂಬ್ರಾದವರೆಗೆ

ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯು ಕೃಷ್ಣಾ ನದಿಯ ದಂಡೆಯಲ್ಲಿರುವ ಒಂದು ಗ್ರಾಮ. ಸರ್ಕಾರದ ಅನುದಾನಕ್ಕಾಗಿ ಕಾಯ್ದು ಬೇಸತ್ತ ರೈತರು ತಮ್ಮ ಸ್ವಂತ ವಂತಿಗೆಯಿಂದಲೂ ಶ್ರಮದಾನದಿಂದಲೂ 1989ರಲ್ಲಿ ಇಲ್ಲಿ ಕಟ್ಟಿ ಮುಗಿಸಿದ ಬ್ಯಾರೇಜಿನಿಂದಾಗಿ ಈ ಊರಿನ ಹೆಸರು ನಾಡಿಗೆಲ್ಲ ಪರಿಚಿತವಾಗಿದೆ. ಇಂತಹ ಊರಿಗೂ ವಿಮಾನಗಳ ವೇಗಕ್ಕೂ ಏನು ಸಂಬಂಧವೆಂದು ವಾಚಕರು ಕೇಳುವುದು ಸಹಜವೇ ಆಗಿದೆ. ನಾವು ಈ ವಿಷಯವನ್ನು ಕೈಗೆತ್ತಿಕೊಂಡುದಕ್ಕೆ ನಮ್ಮ ತರಗತಿಯಲ್ಲಿ ಎದ್ದ ಒಂದು ಪ್ರಶ್ನೆಯೇ ಕಾರಣ. ಜಮಖಂಡಿಯ ಕಡೆಯ ವಿದ್ಯಾರ್ಥಿಯೊಬ್ಬನು, ಬೆಳಗಾವಿಯಿಂದ ಬೆಂಗಳೂರಿಗೆ ಪಂಖದ ವಿಮಾನವೂ ಜೆಟ್ ವಿಮಾನವೂ ಹಾರಿರುವಾಗ ಇವೆರಡರಲ್ಲಿ ಯಾವುದು ತನ್ನನ್ನು ಬೇಗ ಮುಟ್ಟಿಸೀತೆಂದು ಕೇಳಿದನು. ಜೆಟ್ಟೇ ಎಂದು ಇಡೀ ತರಗತಿ ಒಕ್ಕೊರಲಿನಿಂದ ಹೇಳಿತು. ನಾವೂ ಹಾಗೆಯೇ ಹೇಳಿದೆವೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಆದರೆ ಲೆಕ್ಕ ಮಾಡಿ ನೋಡಿದಾಗ ಉತ್ತರವು ಅಷ್ಟು ಸರಳವಾಗಿ ತೋರಲಿಲ್ಲ; ಅದರ ಬೇರುಗಳು 1932ರವರೆಗೂ ಚಾಚಿಕೊಂಡಿರುವುದು ಕಂಡುಬಂದಿತು.

ಮೊದಲಿಗೆ 'ವೇಗ' ಎಂಬ ಮಾತಿನ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳುವುದು ಅವಶ್ಯ. ವಿಮಾನ ತಯಾರಕರು ಪ್ರಕಟಿಸುವ ವೇಗವು ವಿಮಾನವು ತಕ್ಕ ಎತ್ತರವನ್ನು ಮುಟ್ಟಿ ಸಮಗತಿಯಲ್ಲಿ ಸಾಗುವಾಗಿನ ವೇಗವಾಗಿದೆ. ನಿಲ್ದಾಣದಿಂದ ನಿಲ್ದಾಣಕ್ಕೆ ಹಿಡಿದ ಒಟ್ಟು ಹೊತ್ತಿನಿಂದ ದೂರವನ್ನು ಭಾಗಿಸಿದರೆ ಬರುವುದು ಇನ್ನೊಂದು ವೇಗ. ಏರುವುದು, ಇಳಿಯುವುದು, ಓಡುದಾರಿಯ ತುದಿಯಲ್ಲಿ ಸರದಿ ಕಾಯುವುದು ಇವೆಲ್ಲ ಅದರಲ್ಲಿ ಅಡಕವಾಗಿರುತ್ತವೆ. ಮನೆಯ ಹೊಸ್ತಿಲಿನಿಂದ ಹೋಗಬೇಕಾದ ಬಾಗಿಲಿನವರೆಗಿನ ಹೊತ್ತನ್ನು ಹಿಡಿದರೆ ಮೂರನೆಯ ವೇಗವು ಸಿಗುತ್ತದೆ. ಜಾಹೀರಾತುಗಳು ಮೊದಲನೆಯದನ್ನು ಹೇಳುತ್ತವೆ, ವೇಳಾಪಟ್ಟಿಗಳು ಎರಡನೆಯದನ್ನು. ಪ್ರಯಾಣಿಕನ ಅನುಭವಕ್ಕೆ ಬರುವುದು ಮೂರನೆಯದು ಮಾತ್ರ.

ಕನ್ನಡ ನಾಡಿನ ನೆಲದ ಮೇಲೆ ನಿಯತ ವಿಮಾನಯಾನವು ಆರಂಭವಾದುದು ಬಳ್ಳಾರಿಯಲ್ಲಿ. 1932ರ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಅವರು ಕರಾಚಿಯಿಂದ ಪಸ್ ಮಾತ್ ಎಂಬ ಒಂಟಿ ಎಂಜಿನಿನ ವಿಮಾನವನ್ನು ತಾವೇ ನಡೆಸಿಕೊಂಡು ಅಹಮದಾಬಾದಿನ ಮಾರ್ಗವಾಗಿ ಮುಂಬಯಿಯ ಜುಹುವಿಗೆ ಬಂದರು. ಇಂಪೀರಿಯಲ್ ಏರ್‌ವೇಸ್ ಸಂಸ್ಥೆಯು ವಿಲಾಯತಿಯಿಂದ ಕರಾಚಿಯವರೆಗೆ ತಂದ ಟಪಾಲನ್ನು ದಕ್ಷಿಣಕ್ಕೆ ಮುಟ್ಟಿಸುವುದೇ ಈ ಸೇವೆಯ ಉದ್ದೇಶವಾಗಿತ್ತು. ಜುಹುವಿನಿಂದ ಮುಂದಕ್ಕೆ ಟಪಾಲನ್ನು ಒಯ್ದವರು ನೆವಿಲ್ ವಿನ್ಸೆಂಟ್. ಅವರು ಬ್ರಿಟಿಷ್ ವಾಯುದಳದ ಮಾಜಿ ವೈಮಾನಿಕರು. ಈ ಯೋಜನೆಯ ಮೂಲ ಕಲ್ಪನೆಯೂ ಅವರದೇ. ಅವರ ದಾರಿಯು ಬಳ್ಳಾರಿಯ ಮೂಲಕ ಮದರಾಸಿಗೆ ಸಾಗಿತ್ತು.

ಈ ಮೊದಲ ಹಾರಾಟದ ಹೊತ್ತುಗಳು ದಾಖಲಾಗಿರುವುದು ನಮ್ಮ ಪಾಲಿಗೆ ಅನುಕೂಲವೇ ಆಗಿದೆ. ಟಾಟಾ ಅವರು ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಕರಾಚಿಯನ್ನು ಬಿಟ್ಟು ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಜುಹುವಿನಲ್ಲಿ ಇಳಿದರು. ಅಹಮದಾಬಾದಿನಲ್ಲಿ ಎಣ್ಣೆ ತುಂಬಿಸಿಕೊಳ್ಳಲು ತಂಗಬೇಕಾಗಿತ್ತು. ಪೆಟ್ರೋಲಿನ ಡಬ್ಬಿಗಳು ಅಲ್ಲಿಗೆ ಎತ್ತಿನ ಗಾಡಿಯಲ್ಲಿ ಬಂದಿದ್ದವು! ಒಟ್ಟು ಹಿಡಿದ ಕಾಲ 7 ಗಂಟೆ 15 ನಿಮಿಷ. ಭೂಪಟದಲ್ಲಿ ಈ ದಾರಿಯ ಉದ್ದವು ಸುಮಾರು 1,035 ಕಿಲೋಮೀಟರ್. ಪಸ್ ಮಾತಿನ ಸಮಗತಿಯ ವೇಗವು ಗಂಟೆಗೆ ನೂರು ಮೈಲಿಗಿಂತ ತುಸು ಹೆಚ್ಚು, ಎಂದರೆ ಸುಮಾರು 170 ಕಿಲೋಮೀಟರ್. ಎತ್ತಿನ ಗಾಡಿಯ ಎಣ್ಣೆಗಾಗಿ ಕಳೆದ ಹೊತ್ತನ್ನೂ ಸೇರಿಸಿಕೊಂಡರೆ ನಿಲ್ದಾಣದಿಂದ ನಿಲ್ದಾಣದ ವೇಗವು ಗಂಟೆಗೆ 143 ಕಿಲೋಮೀಟರಿನಷ್ಟಾಗುತ್ತದೆ. ಸಮಗತಿಗೂ ಇದಕ್ಕೂ ಇರುವ ಅಂತರವು ಆರರಲ್ಲಿ ಒಂದು ಪಾಲು ಮಾತ್ರ. ಅಂದಿನ ವಿಮಾನವು ನಿಧಾನವಾದುದಾದರೂ ತನ್ನಲ್ಲಿದ್ದ ವೇಗದ ಬಹುಭಾಗವನ್ನು ಅದು ದಾರಿಯಲ್ಲಿ ಪೋಲು ಮಾಡಿಕೊಳ್ಳುತ್ತಿರಲಿಲ್ಲ. ಈ ಅಂಶವನ್ನು ವಾಚಕರು ನೆನಪಿನಲ್ಲಿಡಬೇಕು.

ಅಂದು ನಿಸ್ತಂತು ಯಂತ್ರವಿರಲಿಲ್ಲ. ದಾರಿ ತೋರುವ ದೀಪಸ್ತಂಭಗಳಿರಲಿಲ್ಲ. ಚಾಲಕನು ನದಿ, ರೈಲುಹಾದಿ, ಬೆಟ್ಟಗಳನ್ನು ನೋಡಿಕೊಂಡು ಹಾರಬೇಕಾಗಿತ್ತು. ಮಳೆಗಾಲದಲ್ಲಿ ಜುಹುವಿನ ನೆಲವು ಕೆಸರಾಗುತ್ತಿದ್ದುದರಿಂದ ಪುಣೆಯನ್ನು ಆಶ್ರಯಿಸಬೇಕಾಗುತ್ತಿತ್ತು. ಇಷ್ಟಾದರೂ 1933ರ ಒಂದೇ ವರ್ಷದಲ್ಲಿ ಈ ಸೇವೆಯು 1,60,000 ಮೈಲಿ ಹಾರಿ, 155 ಪ್ರಯಾಣಿಕರನ್ನೂ ಸುಮಾರು ಹತ್ತು ಟನ್ ಟಪಾಲನ್ನೂ ಸಾಗಿಸಿತು. ಕಾಲನಿಷ್ಠೆಯಲ್ಲಿ ಅದಕ್ಕೆ ಬಂದ ಕೀರ್ತಿಯು ಇಂದಿನ ಅನೇಕ ಸಂಸ್ಥೆಗಳಿಗೆ ದುರ್ಲಭವೆಂದೇ ಹೇಳಬೇಕು.

ಇಲ್ಲಿ ನಮ್ಮ ಗಮನವನ್ನು ವಿಶೇಷವಾಗಿ ಸೆಳೆದ ಸಂಗತಿಯೊಂದುಂಟು. ಜುಹುವಿನಿಂದ ಬಳ್ಳಾರಿಗೆ ಭೂಪಟದ ಮೇಲೆ ಅಳತೆಪಟ್ಟಿಯಿಟ್ಟು ಗೆರೆ ಎಳೆದರೆ, ಆ ಗೆರೆಯು ಜಮಖಂಡಿಯ ಮೂಡಣಕ್ಕೆ, ಚಿಕ್ಕಪಡಸಲಗಿಯಿಂದ ಕೆಲವೇ ಮೈಲಿಗಳೊಳಗೆ ಕೃಷ್ಣೆಯನ್ನು ದಾಟುತ್ತದೆ. ಕಣ್ಣಳತೆಯ ಮೇಲೆ ಹಾರುವ ಚಾಲಕನು ಗೆರೆಯನ್ನು ಅಕ್ಷರಶಃ ಹಿಡಿಯುವವನಲ್ಲ. ಆದರೂ ದಾರಿಯ ದಿಕ್ಕು ಇದೇ. ಅಂದು ಜಮಖಂಡಿಯು ಪಟವರ್ಧನರ ಸಂಸ್ಥಾನ, ಮುಧೋಳವು ಘೋರ್ಪಡೆಯವರದು. ಸುತ್ತಲಿನ ವಿಜಾಪುರ ಜಿಲ್ಲೆ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಬಳ್ಳಾರಿಯು ಮದರಾಸು ಪ್ರಾಂತಕ್ಕೆ ಸೇರಿದ್ದು 1953ರಲ್ಲಿಯಷ್ಟೇ ಮೈಸೂರು ರಾಜ್ಯಕ್ಕೆ ಬಂದಿತು. ಕನ್ನಡಿಗರು ಹೀಗೆ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದಾಗ ಅವರ ಸೀಮೆಯನ್ನು ಒಂದೇ ಗೆರೆಯಿಂದ ಪೋಣಿಸಿದ್ದು ಒಂದು ಟಪಾಲಿನ ವಿಮಾನ. ಅದು ಪೋಣಿಸಿತು ಅಷ್ಟೆ. ಇಳಿದುದು ಬಳ್ಳಾರಿಯಲ್ಲಿ ಮಾತ್ರ.

ಬಳ್ಳಾರಿಯ ಭಾಗ್ಯವೂ ಬಹುಕಾಲ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ನಿಜಾಮರ ಕೋರಿಕೆಯ ಮೇರೆಗೆ ಬಳ್ಳಾರಿಯ ಬದಲು ಹೈದರಾಬಾದು ಈ ಮಾರ್ಗದ ತಂಗುದಾಣವಾಯಿತು. ಮುಂಬಯಿಯಿಂದ ಮದರಾಸಿಗೆ ಬಳ್ಳಾರಿಯ ಮೂಲಕ ಸುಮಾರು 1,045 ಕಿಲೋಮೀಟರ್. ಹೈದರಾಬಾದಿನ ಮೂಲಕವಾದರೆ ಅದಕ್ಕಿಂತ ನೂರು ಕಿಲೋಮೀಟರ್ ಹೆಚ್ಚು. ಪಸ್ ಮಾತಿನ ವೇಗಕ್ಕೆ ಇದು ಮುಕ್ಕಾಲು ಗಂಟೆಯ ಸಮೀಪದ ನಷ್ಟ. ವೇಗವೇ ಪ್ರಾಣವಾದ ಟಪಾಲು ಸೇವೆಯು ಈ ನಷ್ಟವನ್ನು ಒಪ್ಪಿಕೊಂಡುದೇಕೆ? ಹೈದರಾಬಾದು ದೊಡ್ಡ ರಾಜಧಾನಿ. ಅಲ್ಲಿ ಟಪಾಲೂ ಇತ್ತು, ಪ್ರಯಾಣಿಕರೂ ಇದ್ದರು, ಆಶ್ರಯ ಕೊಡಬಲ್ಲ ದೊರೆಯೂ ಇದ್ದನು. ವಿಮಾನದ ಹಾದಿಯನ್ನು ನಿರ್ಣಯಿಸುವುದು ಎಂಜಿನಿನ ಶಕ್ತಿಯೊಂದೇ ಅಲ್ಲವೆಂಬುದು ಆರಂಭದ ದಿನಗಳಲ್ಲಿಯೇ ಹೀಗೆ ವಿದಿತವಾಯಿತು.

ಎರಡನೆಯ ಮಹಾಯುದ್ಧದ ತರುವಾಯ ಡಕೋಟಾ ಯುಗವು ಬಂದಿತು. ಯುದ್ಧದಲ್ಲಿ ಉಳಿದ ಈ ವಿಮಾನಗಳು ಅಗ್ಗವಾಗಿ ದೊರೆಯುತ್ತಿದ್ದವು. ಅವುಗಳನ್ನು ನಾಗರಿಕ ಬಳಕೆಗೆ ಸಜ್ಜುಗೊಳಿಸುವ ಕೆಲಸದಲ್ಲಿ 1940ರಲ್ಲಿ ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದೊಡನೆ ಸೇರಿ ಸ್ಥಾಪಿಸಿದ ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಪಾತ್ರವು ಗಣ್ಯವಾದುದು. 1945ರಲ್ಲಿ ಹುಟ್ಟಿದ ಡೆಕ್ಕನ್ ಏರ್‌ವೇಸ್ ದಕ್ಷಿಣದ ನಗರಗಳ ನಡುವೆ ಡಕೋಟಾಗಳನ್ನು ಓಡಿಸಿತು. 1953ರ ರಾಷ್ಟ್ರೀಕರಣದಲ್ಲಿ ಅದು ಇಂಡಿಯನ್ ಏರ್‌ಲೈನ್ಸಿನಲ್ಲಿ ವಿಲೀನವಾಯಿತು. ಡಕೋಟಾದ ಸಮಗತಿಯು ಗಂಟೆಗೆ ಸುಮಾರು 300 ಕಿಲೋಮೀಟರ್, ಎಂದರೆ ಪಸ್ ಮಾತಿನ ಇಮ್ಮಡಿಗೆ ಹತ್ತಿರ. ಆದರೆ ಈ ಇಮ್ಮಡಿ ವೇಗವು ಎಲ್ಲ ಕಡೆಗೂ ಉಪಯುಕ್ತವಾಗಲಿಲ್ಲ. ಮೈಸೂರು-ಬೆಂಗಳೂರುಗಳ ಉದಾಹರಣೆಯನ್ನೇ ನೋಡಬಹುದು. ಈ ಎರಡು ನಗರಗಳ ವಿಮಾನ ನಿಲ್ದಾಣಗಳ ನೇರ ಅಂತರ 140 ಕಿಲೋಮೀಟರ್. ಡಕೋಟಾಕ್ಕೆ ಅದು ಅರ್ಧ ಗಂಟೆಯ ಹಾದಿ. ಆ ಅರ್ಧ ಗಂಟೆಗಾಗಿ ನಿಲ್ದಾಣಕ್ಕೆ ಹೋಗಿ, ಕಾಯ್ದು, ಇಳಿದು, ಮತ್ತೆ ಪೇಟೆಯನ್ನು ಸೇರುವಷ್ಟರಲ್ಲಿ ರೈಲು ಊರು ಮುಟ್ಟಿರುತ್ತಿತ್ತು. ಡಕೋಟಾ ಸೇವೆಯು ನಿಂತುಹೋಯಿತು. 1980ರ ದಶಕದಲ್ಲಿ ವಾಯುದೂತ ಸಂಸ್ಥೆಯು ಇನ್ನೊಮ್ಮೆ ಪ್ರಯತ್ನಿಸಿತು; ಅದೂ ನಿಂತಿತು.

1961ರಲ್ಲಿ ಫಾಕರ್ ಫ್ರೆಂಡ್‌ಶಿಪ್ ವಿಮಾನಗಳು ಬಂದವು. ಅದೇ ವರ್ಷದ ನವೆಂಬರಿನಲ್ಲಿ ಕಾನಪುರದಲ್ಲಿ ಜೋಡಿಸಿದ ಆವ್ರೋ 748 ಮೊದಲ ಬಾರಿಗೆ ಹಾರಿತು. ಇವು ಟರ್ಬೋಪ್ರಾಪ್ ವಿಮಾನಗಳು. ಜೆಟ್ ಎಂಜಿನಿನ ಶಕ್ತಿಯಿಂದ ಪಂಖವನ್ನು ತಿರುಗಿಸುವ ಯಂತ್ರವೆಂದು ಸ್ಥೂಲವಾಗಿ ಹೇಳಬಹುದು. ಇವುಗಳ ವೇಗ ಗಂಟೆಗೆ 450ರಿಂದ 480 ಕಿಲೋಮೀಟರ್. ಗಮನಾರ್ಹವಾದುದೇನೆಂದರೆ, ಪ್ರಾದೇಶಿಕ ಹಾರಾಟದ ಪಂಖದ ವಿಮಾನವು ಅಲ್ಲಿಂದೀಚೆಗೆ ಹೆಚ್ಚಾಗಿ ವೇಗಗೊಂಡಿಲ್ಲ. ಇಂದು ಹುಬ್ಬಳ್ಳಿ, ಶಿವಮೊಗ್ಗಗಳಂತಹ ನಿಲ್ದಾಣಗಳನ್ನು ಮುಟ್ಟಿರುವ ಎ.ಟಿ.ಆರ್. 72 ವಿಮಾನದ ಸಮಗತಿ ಗಂಟೆಗೆ 510 ಕಿಲೋಮೀಟರಿನ ಆಸುಪಾಸು. ಅರುವತ್ತು ವರ್ಷಗಳ ಗಳಿಕೆ ನೂರಕ್ಕೆ ಹತ್ತೂ ಇಲ್ಲ. 1932ರಿಂದ 1961ರವರೆಗಿನ ಮೂವತ್ತು ವರ್ಷಗಳಲ್ಲಿ ವೇಗವು ಮುಮ್ಮಡಿಯ ಸಮೀಪಕ್ಕೆ ಏರಿದುದನ್ನು ನೆನೆದರೆ ಈ ಸ್ತಬ್ಧತೆಯು ವಿಸ್ಮಯವನ್ನುಂಟುಮಾಡುತ್ತದೆ. ಗಳಿಕೆಯು ಬೇರೆ ದಿಕ್ಕಿನಲ್ಲಿ, ಎಂದರೆ ಇಂಧನದ ಉಳಿತಾಯದಲ್ಲಿಯೂ ಸುರಕ್ಷತೆಯಲ್ಲಿಯೂ ಆಯಿತು.

ಈ ಶತಮಾನದ ಪ್ರಾದೇಶಿಕ ವಿಮಾನಯಾನದ ಕಥೆಯಲ್ಲಿ ಹುಬ್ಬಳ್ಳಿಗೆ ಮುಖ್ಯ ಸ್ಥಾನವಿದೆ. ಹಾಸನ ಜಿಲ್ಲೆಯ ಗೊರೂರಿನವರಾದ ಕ್ಯಾಪ್ಟನ್ ಜಿ. ಆರ್. ಗೋಪಿನಾಥರು ಕಟ್ಟಿದ ಏರ್ ಡೆಕ್ಕನ್ ಸಂಸ್ಥೆಯು 2003ರ ಆಗಸ್ಟಿನಲ್ಲಿ 48 ಆಸನಗಳ ಎ.ಟಿ.ಆರ್. 42 ವಿಮಾನಗಳಿಂದ ಕೆಲಸ ತೊಡಗಿದಾಗ ಅದರ ಮೊದಲ ಮಾರ್ಗಗಳಲ್ಲಿ ಹುಬ್ಬಳ್ಳಿ-ಬೆಂಗಳೂರು ಒಂದಾಗಿತ್ತು. ಬೆಳಗಾವಿಯ ಸಾಂಬ್ರಾ ನಿಲ್ದಾಣವು ಇದಕ್ಕಿಂತ ಹಳೆಯದು. 1942ರಲ್ಲಿ ಯುದ್ಧಕಾಲದ ಅಗತ್ಯಕ್ಕಾಗಿ ಬ್ರಿಟಿಷ್ ವಾಯುದಳವು ಅದನ್ನು ನಿರ್ಮಿಸಿತು. ಅದರ ಹೊಸ ಪ್ರಯಾಣಿಕರ ಕಟ್ಟಡ 2017ರದು. ಅದೇ ವರ್ಷದ ಏಪ್ರಿಲಿನಲ್ಲಿ ಕೇಂದ್ರ ಸರ್ಕಾರದ ಉಡಾನ್ ಯೋಜನೆಯ ಮೊದಲ ವಿಮಾನವು ಶಿಮ್ಲಾ-ದಿಲ್ಲಿಗಳ ನಡುವೆ ಹಾರಿತು. ಈ ಯೋಜನೆಯಲ್ಲಿ ಒಂದು ಗಂಟೆಯ, ಅಥವಾ ಸುಮಾರು 500 ಕಿಲೋಮೀಟರಿನ ಹಾರಾಟಕ್ಕೆ 2,500 ರೂಪಾಯಿಗಳ ಮಿತಿಯನ್ನು ವಿಧಿಸಲಾಯಿತು. ಗಂಟೆಗೆ 500 ಕಿಲೋಮೀಟರೆಂಬ ಈ ಸಮೀಕರಣವು ಎಲ್ಲಿಂದ ಬಂದಿತೆಂಬುದನ್ನು ಈಗ ವಾಚಕರೇ ಊಹಿಸಬಹುದು. ಅದು ಪಂಖದ ವಿಮಾನದ ವೇಗವೇ ಆಗಿದೆ. ಸರ್ಕಾರದ ದರಪಟ್ಟಿಯೇ ಟರ್ಬೋಪ್ರಾಪನ್ನು ಅಳತೆಗೋಲಾಗಿ ಹಿಡಿದಂತಾಯಿತು.

ಈ ಅಳತೆಗೋಲನ್ನು ಮೀರಿದ ವಿಮಾನಗಳೂ ನಮ್ಮ ಭಾಗಕ್ಕೆ ಬಂದವು. ಬೊಂಬಾರ್ಡಿಯರ್ ಕ್ಯೂ-400 ಎಂಬ ಪಂಖದ ವಿಮಾನದ ಸಮಗತಿಯು ಗಂಟೆಗೆ ಸುಮಾರು 660 ಕಿಲೋಮೀಟರ್. 2019ರ ಜನವರಿಯಲ್ಲಿ ಸ್ಟಾರ್ ಏರ್ ಸಂಸ್ಥೆಯು ಐವತ್ತು ಆಸನಗಳ ಎಂಬ್ರೇಯರ್ 145 ಜೆಟ್ಟಿನಿಂದ ಹುಬ್ಬಳ್ಳಿಯನ್ನು ಮುಟ್ಟಿ, ಅದೇ ವರ್ಷ ಬೆಳಗಾವಿಗೂ ಬಂದಿತು. ನವೆಂಬರ್ 22ರಂದು ಕಲಬುರಗಿಯ ಹೊಸ ನಿಲ್ದಾಣಕ್ಕೆ ಮೊದಲು ಹಾರಿಬಂದುದೂ ಅದೇ. ಈ ಜೆಟ್ಟಿನ ಸಮಗತಿಯು ಗಂಟೆಗೆ 830 ಕಿಲೋಮೀಟರಿನ ಸುತ್ತಮುತ್ತ.

ಈಗ ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಬರೋಣ. ಬೆಳಗಾವಿಯಿಂದ ಬೆಂಗಳೂರಿನ ನಿಲ್ದಾಣಕ್ಕೆ ನೇರ ಅಂತರ ಸುಮಾರು 445 ಕಿಲೋಮೀಟರ್. ಸಮಗತಿಯ ವೇಗವನ್ನೇ ಹಿಡಿದರೆ ಎ.ಟಿ.ಆರ್. ವಿಮಾನಕ್ಕೆ 52 ನಿಮಿಷ, ಕ್ಯೂ-400ಕ್ಕೆ 40 ನಿಮಿಷ, ಜೆಟ್ಟಿಗೆ 32 ನಿಮಿಷ ಬೇಕು. ಜೆಟ್ಟಿನ ವೇಗವು ಎ.ಟಿ.ಆರ್.ಗಿಂತ ನೂರಕ್ಕೆ ಅರುವತ್ತರಷ್ಟು ಹೆಚ್ಚು. ಉಳಿತಾಯ ಮಾತ್ರ 20 ನಿಮಿಷ. ಈ 20 ನಿಮಿಷವೂ ಪೂರ್ಣವಾಗಿ ಕೈಗೆ ಹತ್ತುವುದಿಲ್ಲ. ಹತ್ತು ಸಾವಿರ ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಯಾವ ವಿಮಾನವೂ 250 ನಾಟ್, ಎಂದರೆ ಗಂಟೆಗೆ 463 ಕಿಲೋಮೀಟರಿಗಿಂತ ವೇಗವಾಗಿ ಹಾರಕೂಡದೆಂಬ ನಿಯಮವಿದೆ. ಆ ಎತ್ತರದಲ್ಲಿ ಜೆಟ್ಟೂ ಪಂಖದ ವಿಮಾನವೂ ಒಂದೇ ಸಾಲಿನ ಎತ್ತುಗಳಂತೆ ಸಾಗಬೇಕು. ಜೆಟ್ಟು ತನ್ನ ನಿಜವಾದ ವೇಗವನ್ನು ತೋರಿಸಲು ಮೂವತ್ತು ಸಾವಿರ ಅಡಿಗಿಂತ ಮೇಲಕ್ಕೆ ಏರಬೇಕು. ಏರಿ ಸಮಗತಿಯನ್ನು ಹಿಡಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ. ಎ.ಟಿ.ಆರ್. ಇಪ್ಪತ್ತೈದು ಸಾವಿರ ಅಡಿಯ ಒಳಗೇ ಹಾರುವುದರಿಂದ ತನ್ನ ಅಲ್ಪ ವೇಗವನ್ನು ದಾರಿಯ ಬಹುಭಾಗದಲ್ಲಿ ಬಳಸಿಕೊಳ್ಳುತ್ತದೆ. ಪಸ್ ಮಾತಿನ ವಿಷಯದಲ್ಲಿ ನಾವು ಕಂಡ ಗುಣವೇ ಇದು.

ಇದಕ್ಕಿಂತಲೂ ಮುಖ್ಯವಾದುದು ನೆಲದ ಮೇಲಿನ ಹೊತ್ತು. ಚಿಕ್ಕಪಡಸಲಗಿಯಿಂದ ಸಾಂಬ್ರಾವು ನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಹುಬ್ಬಳ್ಳಿ ಇನ್ನೂ ದೂರ. ಕಬ್ಬಿನ ಹಂಗಾಮಿನಲ್ಲಿ ಜೋಡು ಟ್ರೇಲರಿನ ಟ್ರ್ಯಾಕ್ಟರುಗಳ ಹಿಂದೆ ಸಾಗಿದವರಿಗೆ ಆ ದಾರಿಯ ವೇಗವೇನೆಂಬುದು ಗೊತ್ತು. ಮೂರು ಗಂಟೆಯೆಂದು ಹಿಡಿಯೋಣ. ನಿಲ್ದಾಣದಲ್ಲಿ ಒಂದು ಗಂಟೆ ಮೊದಲೇ ಇರಬೇಕು. ಏರುವಿಕೆ, ಇಳಿಯುವಿಕೆಗಳು ಸೇರಿ ಎ.ಟಿ.ಆರ್.ನಲ್ಲಿ ಸುಮಾರು ಒಂದೂವರೆ ಗಂಟೆ. ಬೆಂಗಳೂರಿನಲ್ಲಿ ಹೊರಬಂದು ನಗರವನ್ನು ಸೇರಲು ಇನ್ನೊಂದೂವರೆ ಗಂಟೆ. ಒಟ್ಟು ಏಳು ಗಂಟೆ. ಊರಿನಿಂದ ಬೆಂಗಳೂರಿಗೆ ಹಕ್ಕಿ ಹಾರುವ ದೂರವು ಸುಮಾರು 460 ಕಿಲೋಮೀಟರ್. ಭಾಗಿಸಿದರೆ ಗಂಟೆಗೆ 66 ಕಿಲೋಮೀಟರ್ ಬರುತ್ತದೆ. ಜೆಟ್ಟಿನಲ್ಲಿ 20 ನಿಮಿಷವನ್ನು ಪೂರ್ತಿಯಾಗಿ ಉಳಿಸಿದರೂ ಗಂಟೆಗೆ 69 ಕಿಲೋಮೀಟರ್. 510ಕ್ಕೂ 830ಕ್ಕೂ ನಡುವಿನ ಅಂತರವು ಹೊಸ್ತಿಲಿನಿಂದ ಅಳೆದಾಗ ಮೂರು ಕಿಲೋಮೀಟರಿಗೆ ಕುಗ್ಗುತ್ತದೆ! ಟಪಾಲಿನ ಚೀಲಕ್ಕೂ ಕರಾಚಿಯ ಹಡಗುಕಟ್ಟೆಯಿಂದಲೋ ಅಂಚೆಮನೆಯಿಂದಲೋ ನೆಲದ ದಾರಿ ಇದ್ದೇ ಇತ್ತಾದ್ದರಿಂದ 1932ರ 143ರೊಡನೆ ಇದನ್ನು ಹೋಲಿಸುವುದು ಪೂರ್ಣ ನ್ಯಾಯವಲ್ಲ. ಆದರೂ ಹೋಲಿಸುವ ಚಾಪಲ್ಯವನ್ನು ನಾವು ತಡೆದುಕೊಳ್ಳಲಾರೆವು.

ಬೆಂಗಳೂರಿನ ಕಡೆಯ ಒಂದೂವರೆ ಗಂಟೆಯೂ ಇತಿಹಾಸದ ಫಲವೇ. 2008ರ ಮೇ 24ರವರೆಗೆ ಪ್ರಯಾಣಿಕರು ಇಳಿಯುತ್ತಿದ್ದುದು ನಗರಕ್ಕೆ ಅಂಟಿಕೊಂಡಿದ್ದ ಹಳೆಯ ಎಚ್.ಎ.ಎಲ್. ನಿಲ್ದಾಣದಲ್ಲಿ. ಅಂದಿನಿಂದ ದೇವನಹಳ್ಳಿಯ ಹೊಸ ನಿಲ್ದಾಣವು ತೆರೆಯಿತು. ಅದು ನಗರದ ನಡುಭಾಗದಿಂದ 35 ಕಿಲೋಮೀಟರಿಗೂ ಆಚೆ ಇದೆ. ದಿಲ್ಲಿಗೋ ದುಬಾಯಿಗೋ ಹೋಗುವವನಿಗೆ ಈ ಹೆಚ್ಚಿನ ಹೊತ್ತು ಗಣನೆಗೆ ಬಾರದು. ಹುಬ್ಬಳ್ಳಿ, ಬೆಳಗಾವಿಗಳ ಪ್ರಯಾಣಿಕನಿಗೋ ಅದು ಆಕಾಶದಲ್ಲಿ ಕಳೆಯುವ ಹೊತ್ತಿಗೆ ಸಮನಾದ ಹೊರೆ. ವಿಮಾನಗಳು ಮೊದಲಿನಷ್ಟೇ ವೇಗದಲ್ಲಿ ಹಾರುತ್ತಿದ್ದರೂ ಉತ್ತರ ಕರ್ನಾಟಕದವರ ಪಾಲಿನ ವೇಗವು ಒಂದೇ ರಾತ್ರಿಯಲ್ಲಿ ಕುಸಿಯಿತೆಂದರೆ ಅತಿಶಯೋಕ್ತಿಯಾಗದು.

ಈ ಲೆಕ್ಕವು ಕಾಗದದ ಮೇಲಿನದು ಮಾತ್ರವಲ್ಲ. ಚಿಕ್ಕಪಡಸಲಗಿಯ ಬ್ಯಾರೇಜಿಗೆ ರೈತರನ್ನು ಒಗ್ಗೂಡಿಸಿದ ಸಿದ್ದು ನ್ಯಾಮಗೌಡರ ಹೆಸರು ಸರ್ವವಿದಿತ. 1991ರಲ್ಲಿ ಬಾಗಲಕೋಟೆಯಿಂದ ರಾಮಕೃಷ್ಣ ಹೆಗಡೆಯವರಂತಹ ನಾಯಕರನ್ನು ಸೋಲಿಸಿ ಅವರು ಲೋಕಸಭೆಗೆ ಹೋದರು. 2018ರ ಮೇ ತಿಂಗಳಿನಲ್ಲಿ ಜಮಖಂಡಿಯ ಶಾಸಕರಾಗಿ ಮತ್ತೆ ಆಯ್ಕೆಯಾದ ಕೆಲವೇ ದಿನಗಳಲ್ಲಿ ಅವರು ದಿಲ್ಲಿಯಿಂದ ಗೋವೆಗೆ ವಿಮಾನದಲ್ಲಿ ಬಂದು, ಅಲ್ಲಿಂದ ಊರಿನ ಕಡೆಗೆ ಕಾರಿನಲ್ಲಿ ಹೊರಟರು. ಮೇ 28ರ ನಸುಕಿನಲ್ಲಿ ಬಾಗಲಕೋಟೆಯ ಸಮೀಪದ ತುಳಸಿಗೇರಿಯ ಬಳಿ ಆ ಕಾರು ಅಪಘಾತಕ್ಕೀಡಾಗಿ ಅವರು ತೀರಿಕೊಂಡರು. ದಿಲ್ಲಿಯಿಂದ ಗೋವೆಯವರೆಗಿನ ಸಾವಿರಾರು ಕಿಲೋಮೀಟರ್ ಜೆಟ್ಟಿನ ಕೆಲವು ಗಂಟೆಗಳಲ್ಲಿ ಸವೆದಿತ್ತು. ಉಳಿದಿದ್ದುದು ಘಟ್ಟ ಹತ್ತಿ ಬಯಲು ದಾಟುವ ರಾತ್ರಿಯ ರಸ್ತೆ. ಅಪಘಾತವೊಂದಕ್ಕೆ ಕಾರಣಗಳು ಹಲವು. ಅದನ್ನು ವಿಮಾನ ನಿಲ್ದಾಣದ ದೂರದ ತಲೆಗೆ ಕಟ್ಟುವುದು ನಮ್ಮ ಉದ್ದೇಶವಲ್ಲ. ಆದರೆ ಪ್ರಯಾಣದ ಅತ್ಯಂತ ನಿಧಾನದ ಭಾಗವೇ ಅತ್ಯಂತ ಅಪಾಯದ ಭಾಗವೂ ಆಗಿರುವ ಸೀಮೆಯಲ್ಲಿ ವೇಗವನ್ನು ಅಳೆಯುವವರು ಆ ಭಾಗವನ್ನು ಬಿಟ್ಟು ಅಳೆಯಬಾರದು.

ಹಾಗಾದರೆ ಇನ್ನೂ ನಿಧಾನದ ವಿಮಾನವೊಂದು ಇನ್ನೂ ಹತ್ತಿರಕ್ಕೆ ಬಂದರೆ ಏನಾದೀತು? ವಿಜಯಪುರದ ಸಮೀಪದ ಬುರಣಾಪುರದಲ್ಲಿ 2021ರಲ್ಲಿ ನಿಲ್ದಾಣದ ಕೆಲಸಕ್ಕೆ ಚಾಲನೆ ದೊರೆಯಿತು. ಚಿಕ್ಕಪಡಸಲಗಿಯಿಂದ ನದಿ ದಾಟಿದರೆ ವಿಜಯಪುರವು ಸುಮಾರು ಒಂದು ಗಂಟೆಯ ಹಾದಿ. ಕಾನಪುರದಲ್ಲಿ ತಯಾರಾಗುವ ಡಾರ್ನಿಯರ್ 228 ವಿಮಾನವು ಹತ್ತೊಂಬತ್ತು ಆಸನಗಳದು. ಚಿಕ್ಕ ಓಡುದಾರಿಯಲ್ಲಿಯೂ ಇಳಿಯಬಲ್ಲುದು. ಸಮಗತಿಯು ಗಂಟೆಗೆ ಸುಮಾರು 400 ಕಿಲೋಮೀಟರ್ ಮಾತ್ರ. ವಿಜಯಪುರದಿಂದ ಬೆಂಗಳೂರಿಗೆ ಅದು 457 ಕಿಲೋಮೀಟರನ್ನು ಸುಮಾರು ಎಪ್ಪತ್ತು ನಿಮಿಷಗಳಲ್ಲಿ ಕ್ರಮಿಸಬೇಕು; ಏರಿಳಿತಗಳು ಸೇರಿ ಒಂದೂವರೆ ಗಂಟೆ. ರಸ್ತೆಗೆ ಒಂದು, ಕಾಯುವುದಕ್ಕೆ ಒಂದು, ಬೆಂಗಳೂರಿನಲ್ಲಿ ಒಂದೂವರೆ. ಒಟ್ಟು ಐದು ಗಂಟೆ. ಎಂದರೆ ಗಂಟೆಗೆ 92 ಕಿಲೋಮೀಟರ್. ಬೆಳಗಾವಿಯ ಜೆಟ್ಟನ್ನು, ಅದರ ಅರ್ಧ ವೇಗದ ಡಾರ್ನಿಯರು ಒಂದು ಗಂಟೆ ನಲವತ್ತು ನಿಮಿಷಗಳಿಂದ ಹಿಂದೆ ಹಾಕುತ್ತದೆ.

ಇಂತಹ ವಿಮಾನವನ್ನು ಬೆಂಗಳೂರಿನಲ್ಲಿಯೇ ರೂಪಿಸುವ ಪ್ರಯತ್ನವೂ ನಡೆದಿದೆ. ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ಹದಿನಾಲ್ಕು ಆಸನಗಳ 'ಸಾರಸ್' 2004ರ ಮೇ 29ರಂದು ಮೊದಲ ಬಾರಿಗೆ ಹಾರಿತು. 2009ರ ಮಾರ್ಚ್ 6ರಂದು ಅದರ ಎರಡನೆಯ ಮಾದರಿಯು ಬಿಡದಿಯ ಬಳಿ ಬಿದ್ದು ವಾಯುದಳದ ಮೂವರು ಪರೀಕ್ಷಕರು ಮಡಿದರು. ಕೆಲಸವು ವರ್ಷಗಟ್ಟಲೆ ಹಿಂದೆ ಬಿದ್ದಿತು. 2018ರ ಜನವರಿಯಲ್ಲಿ ಸುಧಾರಿತ ಮಾದರಿಯು ಮತ್ತೆ ಮೇಲೇರಿತು. ಡಾರ್ನಿಯರಾದರೋ 2022ರ ಏಪ್ರಿಲ್ 12ರಂದು ದಿಬ್ರೂಗಢ-ಪಾಸಿಘಾಟಗಳ ನಡುವೆ ಅಲಯನ್ಸ್ ಏರ್ ಸಂಸ್ಥೆಯ ನಾಗರಿಕ ಸೇವೆಗೆ ಇಳಿಯಿತು. ರಸ್ತೆಯ ಕಷ್ಟವಿರುವ ಈಶಾನ್ಯದಲ್ಲಿ ಅದಕ್ಕೆ ಮೊದಲು ಕೆಲಸ ದೊರೆತುದು ಸಹಜವೇ.

ಬಳ್ಳಾರಿಯ ಮುಂದಿನ ಕಥೆಯನ್ನೂ ಹೇಳಬೇಕಾಗಿದೆ. ಉಡಾನ್ ಯೋಜನೆಯ ವಿಮಾನವು 2017ರಲ್ಲಿ ಆ ಸೀಮೆಗೆ ಬಂದಾಗ ಅದು ಇಳಿದುದು ಬಳ್ಳಾರಿಯಲ್ಲಲ್ಲ, ಪಶ್ಚಿಮಕ್ಕಿರುವ ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯ ಪಕ್ಕದ ವಿದ್ಯಾನಗರದಲ್ಲಿ. ಅದು ಎ.ಟಿ.ಆರ್. 72, ಬಂದುದು ಹೈದರಾಬಾದಿನಿಂದ.